ಗಂಜಿಮನೆಯವರು

ಮೊನ್ನೆ ನಮ್ಮ ಊಟದ ಮೇಜಿನ ಒಂದು ಕಾಲು ಕುಂಟತೊಡಗಿತು. ಅದರ ಅಡಿಗೆ ಮಡಿಸಿ ಇಡಲು ಒಂದಿಷ್ಟು ಗಟ್ಟಿ ಕಾಗದ ಬೇಕೆಂದು ಡ್ರಾಯರು ಕೆದಕಿದೆ. ಹಳೆಯ ಕರೆಂಟ್ ಬಿಲ್ಲು, ಒಂದು ಕಣ್ಣಿನ ಕನ್ನಡಕ, ಯಾರದೋ ಗೃಹಪ್ರವೇಶದ ಆಮಂತ್ರಣ, ಇವುಗಳ ನಡುವೆ ಒಂದು ವಿಸಿಟಿಂಗ್ ಕಾರ್ಡು ಸಿಕ್ಕಿತು. ದಪ್ಪಗೆ, ಕೆನೆಬಣ್ಣದ್ದು, ಮೇಜಿನ ಕಾಲಿಗೆ ಹೇಳಿ ಮಾಡಿಸಿದಂತಿತ್ತು. ಮಡಿಸುವ ಮುಂಚೆ ಹೆಸರು ಓದಿದೆ. ತೆಸ್ಸಾರಿ. ಮಡಿಸಲು ಕೈ ಬರಲಿಲ್ಲ. ಇದನ್ನು ಬರೆಯುತ್ತಿರುವುದು ಅದೇ ಮೇಜಿನ ಮೇಲೆ. ಅಕ್ಷರ ಅಲ್ಲಲ್ಲಿ ಜಾರಿದ್ದರೆ ಅದು ನನ್ನ ತಪ್ಪಲ್ಲ.

ತೆಸ್ಸಾರಿ ಇಟಲಿಯವನು. ನಾನು ಸೇಲಂನ ಒಂದು ನೇಕಾರರ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಕೊನೆಯ ವರ್ಷ ಅವನು ನಮ್ಮೂರಿನ ಬಿಳಿ ರೇಷ್ಮೆ ಪಂಚೆ ನೋಡಲು ಬಂದಿದ್ದ. ಅವನನ್ನು ಸುತ್ತಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಆಫೀಸಿನಲ್ಲಿ ನನಗೊಬ್ಬನಿಗೇ ಇಂಗ್ಲಿಷ್ ಬರುತ್ತದೆ ಎಂಬ ವದಂತಿ ಇತ್ತು. ವದಂತಿ ಹಬ್ಬಿಸಿದವನು ನಾನೇ. ಹೇಗೂ ಮಗ್ಗ ನೋಡಬೇಕು ಅನ್ನುತ್ತಾನಲ್ಲ, ನಮ್ಮ ಮನೆಯಲ್ಲೇ ಒಂದು ಇದೆಯಲ್ಲ ಎಂದು ನೇರ ಮನೆಗೇ ಕರೆದುಕೊಂಡು ಬಂದೆ.

ಮನೆಯಲ್ಲಿ ಮಗ್ಗ ಎಂದರೆ ಚೌಡಮ್ಮತ್ತೆ ಎಂದೇ ಅರ್ಥ. ಅವಳು ನನ್ನ ಅಪ್ಪನ ಅಕ್ಕ. ಎಪ್ಪತ್ತೆಂಟಾಗಿದೆ. ಅವಳ ಹದಿನೇಳನೆಯ ವಯಸ್ಸಿನಲ್ಲಿ ತಾತ ತೀರಿಕೊಂಡರು. ಆಗ ನನ್ನಪ್ಪ ಇನ್ನೂ ಐದು ವರ್ಷದ ಹುಡುಗ. ಅತ್ತೆ ಅಂದು ತಾತನ ಕುಣಿ ಮಗ್ಗಕ್ಕೆ ಇಳಿದವಳು ಮದುವೆಯ ಮಾತು ಬಂದಾಗಲೆಲ್ಲ "ಈ ಪಾವು ಮುಗೀಲಿ" ಎನ್ನುತ್ತ ಬಂದಳಂತೆ. ಪಾವು ಎಂದರೆ ಹಾಸು, ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲು. ಒಂದು ಪಾವು ಮುಗಿದರೆ ಇನ್ನೊಂದು ಏರುತ್ತದೆ. ಹಾಗೆ ಅರವತ್ತು ವರ್ಷ ಏರಿತು. ಅಪ್ಪನನ್ನು ಓದಿಸಿದ್ದು, ಅಪ್ಪನಿಗೆ ಮದುವೆ ಮಾಡಿದ್ದು, ಅಪ್ಪನಿಗಿಂತ ಹೆಚ್ಚಾಗಿ ನನ್ನನ್ನು ಬೈದದ್ದು ಎಲ್ಲ ಅತ್ತೆಯೇ.

ತೆಸ್ಸಾರಿ ಜಗಲಿಯ ಮೇಲೆ ಕೂತು ನೀರು ಕುಡಿದು ಪುಸ್ತಕ ತೆಗೆದ. "ನಿಮ್ಮ ಮನೆತನದ ಹೆಸರು?" ಎಂದ.

"ಎಂ," ಎಂದೆ.

"ಎಂ?"

"ಎಂ. ಶೇಖರ್."

"ಎಂ ಎಂದರೆ?"

"ಮುನುಸಾಮಿ. ನಮ್ಮಪ್ಪ."

"ಹಾಗಾದರೆ ನಿಮ್ಮ ತಂದೆಯದು ಮುನುಸಾಮಿ ಮನೆತನ."

"ಇಲ್ಲ, ಅವರು ಆರ್. ಮುನುಸಾಮಿ. ಆರ್ ಅವರ ಅಪ್ಪ."

ಅವನು ಬರೆದದ್ದನ್ನು ಹೊಡೆದು ಹಾಕಿ, ಮತ್ತೆ ಬರೆದು, ಮತ್ತೆ ಹೊಡೆದ. ತಮಿಳುನಾಡಿನಲ್ಲಿ ನಾವೆಲ್ಲ ಒಂದಕ್ಷರದ ಬಾಲ ಕಟ್ಟಿಕೊಂಡವರು, ಆ ಬಾಲವೂ ಒಂದು ತಲೆಮಾರಿಗೆ ಉದುರಿ ಹೊಸದು ಬರುತ್ತದೆ ಎಂದು ಅವನಿಗೆ ವಿವರಿಸುವಷ್ಟು ಇಂಗ್ಲಿಷ್ ನನ್ನ ವದಂತಿಯಲ್ಲಿ ಇರಲಿಲ್ಲ. ಒಳಗಿನಿಂದ ಲಾಳಿಯ ಸದ್ದು ನಿಂತಿತು.

"ಏನಂತ್ಲಾ ಆ ದೊರೆಗೆ?" ಎಂದಳು ಅತ್ತೆ.

"ನಮ್ಮನೆ ಎಸ್ರು ಕೇಳ್ತಾವ್ನೆ ಅತ್ತೆ."

"ಕೇಳುದ್ರೆ ಏಳು ಮತ್ತೆ. ಬಾಯಾಗೆ ಕೊಳಕಟ್ಟೈ ಕಡುಬು ಮಡಿಕ್ಕಂಡಿದೀಯಾ? ಗಂಜಿಮನೆ ಅಂತ ಬರ್ಕೊ ಅನ್ನು."

ಗಂಜಿಮನೆ. ಹೇಳಿದೆ. ಅವನು ಬರೆದುಕೊಂಡ. ಅರ್ಥ ಕೇಳಿದ. ಅನ್ನದ ತಿಳಿ, ಅದರ ಮನೆ, ಎಂದು ನನಗೆ ತೋಚಿದ ಹಾಗೆ ಹೇಳಿದೆ. ಆಗ ಅವನಿಗೆ ಖುಷಿ ಬಂದು ತನ್ನ ಹೆಸರಿನ ಕತೆ ಹೇಳಿದ. ತೆಸ್ಸಾರಿ ಎಂದರೆ ಅವರ ಕಡೆಯ ಮಾತಿನಲ್ಲಿ ನೇಕಾರನೇ ಅಂತೆ. ಇಟಲಿಯ ಈಶಾನ್ಯದ ಮೂಲೆಯಲ್ಲಿ, ವೆರೋನಾ ಎಂಬ ಊರಿನ ಸುತ್ತಮುತ್ತ, ಬೀದಿಗೆ ನಾಲ್ಕು ಮನೆ ತೆಸ್ಸಾರಿಗಳಂತೆ. ಬೇಕರಿಯವನೂ ತೆಸ್ಸಾರಿ, ಪೋಸ್ಟಿನವನೂ ತೆಸ್ಸಾರಿ, ಅವನಿಗೆ ಹಲ್ಲು ಕೀಳುವ ಡಾಕ್ಟರೂ ತೆಸ್ಸಾರಿ. ಹೊಟ್ಟೆಪಾಡಿಗೆ ಹಡಗು ಹತ್ತಿ ಹೋದವರಿಂದಾಗಿ ಬ್ರೆಜಿಲ್ಲಿನಲ್ಲೂ ತೆಸ್ಸಾರಿಗಳು ಇದ್ದಾರಂತೆ. ಫೋನಿನಲ್ಲಿ ಒಂದು ಭೂಪಟ ತೆಗೆದು, ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಬಣ್ಣ ತೋರಿಸಿದ. ಹೆಸರಿಗೊಂದು ಭೂಪಟ ಇರುತ್ತದೆ ಎನ್ನುವುದೇ ನನಗೆ ಆಶ್ಚರ್ಯ. ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚೂ ಆಯಿತು.

ಅದನ್ನೆಲ್ಲ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವಳು ತಕ್ಷಣ ಮಗ್ಗದಿಂದ ಎದ್ದು, "ನಮ್ಮೋನೇ ಕಣ್ಲಾ ಬುಡು. ಅವ್ನ್ಗೆ ಕೂತ್ಕಳಾಕೆ ಏಳು, ನೋಡನ" ಎಂದಳು. ತೆಸ್ಸಾರಿ ಕುಣಿಗೆ ಕಾಲು ಇಳಿಬಿಟ್ಟು ಕೂತ. ಅವನ ಮಂಡಿ ಎದೆಗೆ ಬಂತು. ಲಾಳಿ ಎಸೆದ, ಅದು ನೂಲು ಕಡಿದುಕೊಂಡು ಗೋಡೆಗೆ ಬಡಿಯಿತು. ಎರಡನೆಯ ಸಲ ಇನ್ನೂ ಹತ್ತು ಎಳೆ ಹೋಯಿತು. ಅವನ ಮುಖ ಕೆಂಪಾಗಿ, ತನ್ನ ಅಜ್ಜ ಚೀಸ್ ಮಾಡುತ್ತಿದ್ದ, ಅಜ್ಜನ ಅಜ್ಜನೂ ಮಗ್ಗ ಕಂಡವನಲ್ಲ ಎಂದ.

ಅತ್ತೆ ಬೈಯುತ್ತಾಳೆಂದು ನಾನು ಕಾದೆ. ಅವಳು ಕಡಿದ ಎಳೆಗಳನ್ನು ಒಂದೊಂದಾಗಿ ಹುರಿಮಾಡಿ ಸೇರಿಸುತ್ತ, "ಪಾಪ. ಮಗ್ಗ ಕೈಬುಟ್ಟೋದ್ರೂ ಎಸ್ರು ಮಡಿಕ್ಕಂಡವ್ರೆ ನೋಡ್ಲಾ. ದೊಡ್ಡ ಮನುಷ್ರು," ಎಂದಳು. ಅದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದಾಗ ಅವನು ಎದ್ದು ನಿಂತು ಅವಳಿಗೆ ಕೈ ಮುಗಿದ.

ಈಗ ನೀವು ಕೇಳಬಹುದು, ಗಂಜಿ ಒಂದು ಹೆಸರೇ, ಅದರಲ್ಲಿ ಹೆಮ್ಮೆ ಪಡುವುದೇನು ಎಂದು. ನಾನೂ ಕೇಳಿದ್ದೆ, ಎಂಟನೆಯ ವಯಸ್ಸಿನಲ್ಲಿ, ಅಳುತ್ತಾ. ಶಾಲೆಯಲ್ಲಿ ಯಾರೋ ನಮ್ಮ ಮನೆ ಹೆಸರು ಪತ್ತೆ ಮಾಡಿಬಿಟ್ಟಿದ್ದರು. "ಡೇಯ್ ಕಂಜೀ" ಎಂದು ಕೂಗಿದರೆ ಇಡೀ ಮೈದಾನ ನಗುತ್ತಿತ್ತು. ಅನ್ನಕ್ಕೆ ಗತಿಯಿಲ್ಲದೆ ಗಂಜಿ ಕುಡಿಯುವವರು ಎಂದು ಅದರ ಅರ್ಥ. ಪಕ್ಕದ ಬೀದಿಯಲ್ಲಿ ಬೆಲ್ಲದಮನೆಯವರು ಇದ್ದರು, ಎರಡುಬಾಗಿಲಿನವರು ಇದ್ದರು, ಹುಣಸೆಮರದವರು ಇದ್ದರು. ಅವರ ಮಕ್ಕಳೆಲ್ಲ ತಲೆಯೆತ್ತಿ ತಿರುಗುತ್ತಿದ್ದರು. ನನಗೆ ಬೆಲ್ಲದಮನೆಯಲ್ಲಿ ಹುಟ್ಟಬಾರದಿತ್ತೇ ಎನಿಸುತ್ತಿತ್ತು. ಬೆಲ್ಲ ಕಂಡರೆ ನನಗೆ ಮೊದಲಿನಿಂದಲೂ ಆಸೆ ಬೇರೆ.

ಅತ್ತೆ ಸಮಾಧಾನ ಮಾಡುವವಳಲ್ಲ. "ಮೂಗು ಒರ್ಸ್ಕೊ" ಎಂದು ಸೆರಗು ಕೊಟ್ಟು ಕತೆ ಹೇಳಿದಳು. ನಮ್ಮ ಹಿರಿಯರು ಐದಾರು ಕುಟುಂಬ, ಮೈಸೂರು ಸೀಮೆ ಬಿಟ್ಟು ಮಗ್ಗದ ಮರಮುಟ್ಟು ತಲೆಯ ಮೇಲೆ ಹೊತ್ತು, ಹೊಳೆ ದಾಟಿ ಪಾಲಮಲೆಯ ತಪ್ಪಲಿಗೆ ಬಂದಿಳಿದರಂತೆ. ಕಾಳು ಮುಗಿದಿತ್ತು. ಉಳಿದದ್ದು ಒಂದು ಗಡಿಗೆ ಅಕ್ಕಿಯ ಗಂಜಿ ಮಾತ್ರ, ಎಲ್ಲರಿಗೂ ಒಂದೊಂದು ಗುಟುಕಿಗೆ ಆಗುವಷ್ಟು. ಅತ್ತ ಒಂದು ಹಾಸು ನೂಲು ಇತ್ತು. ಗಂಜಿ ಹಚ್ಚದೆ ನೂಲು ಮಗ್ಗಕ್ಕೆ ಏರುವುದಿಲ್ಲ, ಏರಿದರೂ ನಿಲ್ಲುವುದಿಲ್ಲ. ಕುಡಿಯುವುದೋ, ಹಚ್ಚುವುದೋ? ನಮ್ಮ ಮನೆಯ ಅಜ್ಜಿಯೊಬ್ಬಳು ಗಡಿಗೆ ಎತ್ತಿಕೊಂಡು ಹೋಗಿ ಎರಡು ಮರಗಳ ನಡುವೆ ಹಾಸು ಎಳೆದು ಕಟ್ಟಿಸಿ, ಇದ್ದ ಗಂಜಿಯನ್ನೆಲ್ಲ ಅದಕ್ಕೆ ಹಚ್ಚಿದಳಂತೆ. ಎಲ್ಲರೂ ಉಪವಾಸ ನೇಯ್ದರಂತೆ. ಆ ಬಟ್ಟೆ ಮಾರಿ ಬಂದ ಕಾಳಿನಿಂದ ಎಲ್ಲರೂ ಬದುಕಿದರಂತೆ.

"ಗಂಜಿ ಕುಡುದೋರಲ್ಲ ಕಣ್ಲಾ ನಾವು," ಎಂದಳು ಅತ್ತೆ, "ಕುಡೀದೆ ಇದ್ದೋರು."

ಮಾರನೆಯ ದಿನ ಮೈದಾನದಲ್ಲಿ ಇದನ್ನೇ ಹೇಳಿದೆ. ಯಾರೂ ನಂಬಲಿಲ್ಲ. ಆದರೆ ನನಗೆ ಅಳು ಬರಲಿಲ್ಲ, ಅಷ್ಟು ಸಾಕಾಯಿತು. ಕತೆ ನಿಜವೋ ಸುಳ್ಳೋ ಎಂದು ಈಗಲೂ ಗೊತ್ತಿಲ್ಲ. ಈಗ ತೀರಿಕೊಂಡಿರುವ ನಮ್ಮ ಚಿಕ್ಕಪ್ಪನೊಬ್ಬ, ನಮ್ಮ ಹಿರಿಯರು ಬೀದಿಯವರಿಗೆಲ್ಲ ಗಂಜಿ ಕಾಯಿಸಿ ಮಾರುತ್ತಿದ್ದರು, ಅದಕ್ಕೇ ಆ ಹೆಸರು, ಅಷ್ಟೇ, ಎನ್ನುತ್ತಿದ್ದ. ಅತ್ತೆ ಅವನ ಜೊತೆ ಮೂರು ವರ್ಷ ಮಾತು ಬಿಟ್ಟಿದ್ದಳು.

ಕತೆ ಹೇಗಿದ್ದರೂ ಪದ್ಧತಿಯಂತೂ ಇತ್ತು, ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಬೆಳಗಿನ ಜಾವ ಬೀದಿಯ ಉದ್ದಕ್ಕೂ ಹಾಸು ಎಳೆದು ಕಟ್ಟುತ್ತಿದ್ದರು. ಎರಡೂ ಕಡೆ ಜನ ನಿಂತು ಗಂಜಿ ಹಚ್ಚಿ ಕುಂಚದಿಂದ ತೀಡುತ್ತಿದ್ದರು. ಹುಳಿ ಹುಳಿ ವಾಸನೆ, ಕಾಗೆಗಳ ಗಲಾಟೆ, ಅತ್ತಿಂದಿತ್ತ ನುಸುಳಿದರೆ ಬೆನ್ನಿಗೆ ಗುದ್ದು. ಯಾರ ಮನೆಯ ಹಾಸೇ ಇರಲಿ, ಮೊದಲ ಹಿಡಿ ಗಂಜಿ ನಮ್ಮ ಮನೆಯ ಕೈಯಿಂದಲೇ ಬೀಳಬೇಕು. ಬೆಲ್ಲದಮನೆಯವರು ಕೂಡ ಬಂದು ಬಾಗಿಲಲ್ಲಿ ನಿಂತು "ಚೌಡಕ್ಕಾ, ಬಂದು ಒಂದು ಕೈ ಆಕ್ಬುಟ್ಟು ಓಗಕ್ಕಾ" ಎಂದು ಕರೆಯಬೇಕು. ಅತ್ತೆ ಬೇಕೆಂದೇ ತಡಮಾಡಿ ಹೊರಡುತ್ತಿದ್ದಳು. ನಾನು ಅವಳ ಹಿಂದೆ ಮೆರವಣಿಗೆ ಹೋಗುವವನ ಹಾಗೆ ಹೋಗುತ್ತಿದ್ದೆ.

ಈಗ ಹಾಸು ಮಿಲ್ಲಿನಿಂದಲೇ ಗಂಜಿ ಕುಡಿದುಕೊಂಡು ಬರುತ್ತದೆ. ಬೀದಿಯಲ್ಲಿ ಬೈಕುಗಳು ನಿಂತಿವೆ. ನಮ್ಮ ಹೆಸರನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಕೂಗುವುದು ಈಗ ಒಂದೇ ಒಂದು ಸಂದರ್ಭದಲ್ಲಿ: ಮದುವೆಯಲ್ಲಿ. ತಾಳಿ ಕಟ್ಟುವ ಮುಂಚೆ ನಮ್ಮ ಜನರ ಹಿರಿಯರೊಬ್ಬರು ಹಸೆಯ ಪಕ್ಕ ನಿಂತು ಒಂದೊಂದು ಮನೆಯ ಹೆಸರನ್ನೂ ಕ್ರಮವಾಗಿ ಕೂಗುತ್ತಾರೆ. ಆ ಮನೆಯ ಹಿರಿಯರು ಎದ್ದು ಹೋಗಿ ಐದು ವೀಳ್ಯದೆಲೆ, ಒಂದು ಅಡಿಕೆ ತೆಗೆದುಕೊಳ್ಳಬೇಕು. ಅದಾದರೆ ಆ ಮನೆ ಈ ಮದುವೆಗೆ ಸಾಕ್ಷಿ. ನಮ್ಮದು ಮೂರನೆಯ ಕೂಗು. ಅಪ್ಪ ಇರುವ ತನಕ ಅಪ್ಪ ಏಳುತ್ತಿದ್ದರು, ಆಮೇಲೆ ನಾನು. ಅತ್ತೆ ಅಪ್ಪನಿಗಿಂತ ಹಿರಿಯಳಾದರೂ ಹೆಂಗಸು ಎದ್ದು ಹೋಗುವ ರೂಢಿ ಇರಲಿಲ್ಲ. ಅವಳು ಕುರ್ಚಿಯಲ್ಲಿ ಕೂತೇ ಕೇಳಿಸಿಕೊಳ್ಳುತ್ತಿದ್ದಳು. ನಾನು ವೀಳ್ಯ ತಂದು ಕೊಟ್ಟರೆ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು, ಯಾರಿಗೂ ಒಂದು ಎಲೆ ಕೊಡುತ್ತಿರಲಿಲ್ಲ.

ಕೂಗುವ ಹಿರಿಯರಿಗೆ ಎಲ್ಲ ಹೆಸರೂ ಬಾಯಿಪಾಠ ಇರುತ್ತಿತ್ತು. ಕಳೆದ ವರ್ಷ ಅವರು ತೀರಿಕೊಂಡರು. ಹೊಸಬರಿಗೆ ಬಾಯಿಪಾಠ ಇಲ್ಲ. ಆದ್ದರಿಂದ ಸೇಲಂ, ಧರ್ಮಪುರಿ ಎರಡೂ ಜಿಲ್ಲೆಯ ನಮ್ಮ ಮನೆಗಳ ಪಟ್ಟಿ ಮಾಡಬೇಕೆಂದು ತೀರ್ಮಾನವಾಯಿತು. ಇನ್ನು ಮೇಲೆ ಎಲ್ಲ ಮದುವೆಗಳಲ್ಲೂ ಆ ಪಟ್ಟಿಯನ್ನೇ ಓದುವುದು. ನಮ್ಮ ಬೀದಿಯ ಪ್ರಿಯಾ, ಇಂಜಿನಿಯರಿಂಗ್ ಮುಗಿಸಿದವಳು, ಫೋನಿನಲ್ಲಿ ತುಂಬುವ ಹಾಗೆ ಒಂದು ಫಾರಂ ತಯಾರಿಸಿ ಎಲ್ಲರಿಗೂ ಕಳಿಸಿದಳು.

ನಾನು ಬಸ್ಸಿನಲ್ಲಿ ನಿಂತುಕೊಂಡೇ ತುಂಬಿದೆ. ಹೆಸರು, ಊರು, ಸರ್‌ನೇಮ್. ತಮಿಳುನಾಡಿನವನಿಗೆ ಸರ್‌ನೇಮ್ ಎಂಬ ಖಾನೆ ಕಂಡರೆ ಕೈ ತಾನಾಗಿ ಅಪ್ಪನ ಹೆಸರು ಬರೆಯುತ್ತದೆ. ಪಾಸ್‌ಪೋರ್ಟಿಗೂ ಹಾಗೆಯೇ, ಬ್ಯಾಂಕಿಗೂ ಹಾಗೆಯೇ. ಮುನುಸಾಮಿ ಎಂದು ಬರೆದು ಕಳಿಸಿದೆ. ಇಟಲಿಯವನ ಮುಂದೆ ಗಂಜಿಮನೆ ಎಂದು ಎದೆಯುಬ್ಬಿಸಿದವನೂ ನಾನೇ, ನಮ್ಮವರೇ ಕೇಳಿದಾಗ ಮರೆತವನೂ ನಾನೇ.

ಗೊತ್ತಾದದ್ದು ಮೊರಪ್ಪೂರಿನ ಮದುವೆಗೆ ಹೋಗುವಾಗ, ರೈಲಿನಲ್ಲಿ. ನೆಂಟರ ಮದುವೆ, ಎರಡೂ ಜಿಲ್ಲೆಯ ಜನ ಸೇರುವಂಥದ್ದು. ಹೊಸ ಪಟ್ಟಿ ಮೊದಲ ಸಲ ಓದುವುದು ಅಲ್ಲಿಯೇ. ಅತ್ತೆ ತಾನೇ ನೇಯ್ದ ಸೀರೆ ಉಟ್ಟು ಕಿಟಕಿಯ ಪಕ್ಕ ಕೂತಿದ್ದಳು. ವಾಟ್ಸಾಪಿಗೆ ಪಟ್ಟಿ ಬಂತು. ಬೆಲ್ಲದಮನೆ ಇದೆ, ಎರಡುಬಾಗಿಲು ಇದೆ. ಗಂಜಿಮನೆ ಇಲ್ಲ. ಕೊನೆಯ ಹಾಳೆಯಲ್ಲಿ 'ಮುನುಸಾಮಿ ಮನೆ' ಎಂದು ಒಂದು ಹೊಸ ಮನೆತನ ಹುಟ್ಟಿಕೊಂಡಿತ್ತು. ಇನ್ನೊಂದು ದೋಸೆ ಕೇಳಲೂ ಸಂಕೋಚಪಡುತ್ತಿದ್ದ ನಮ್ಮಪ್ಪ ವಂಶಸ್ಥಾಪಕರಾಗಿಬಿಟ್ಟಿದ್ದರು.

ಬಾಗಿಲ ಹತ್ತಿರ ಹೋಗಿ ಪ್ರಿಯಾಗೆ ಫೋನ್ ಮಾಡಿದೆ. "ಗಂಜಿಮನೆನ್ನು ಒರುತ್ತರ್ ಕೂಡ ಎಳುದಲೆ ಮಾಮಾ," ಎಂದಳು. ಒಬ್ಬರೂ ಬರೆದಿಲ್ಲ. "ನೀವೇ ಬರೀಲಿಲ್ವಲ್ಲ. ಯಾರೂ ಇಲ್ಲ ಅಂತ ಆ ಎಸ್ರ ಬುಟ್ಬುಟ್ಟೆ. ಲಿಸ್ಟ್ ಎಲ್ಲಾ ಊರ್ಗೂ ಓಗಾಯ್ತು ಮಾಮಾ."

ಎರಡು ಜಿಲ್ಲೆಯಲ್ಲಿ ನಮ್ಮ ಹೆಸರನ್ನು ಇನ್ನು ಯಾರೂ ಕೂಗುವುದಿಲ್ಲ, ಅದೂ ನನ್ನಿಂದ. ವಾಪಸು ಬಂದು ಕೂತೆ.

"ನಮ್ದು ಇವತ್ತೂ ಮೂರ್ನೇದೇ ತಾನೆ?" ಎಂದಳು ಅತ್ತೆ.

"ಊಂ," ಎಂದೆ. ಹೇಳುವ ಧೈರ್ಯ ಬರಲಿಲ್ಲ. ರೈಲು ಕೆಟ್ಟು ನಿಲ್ಲಲಿ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡೆ. ಅದು ಸರಿಯಾದ ಸಮಯಕ್ಕೆ ಮೊರಪ್ಪೂರು ತಲುಪಿತು.

ಕಲ್ಯಾಣಮಂಟಪದಲ್ಲಿ ಹೊಸ ಹಿರಿಯರು ಫೋನು ಹಿಡಿದು ನಿಂತರು. ಮೊದಲನೆಯ ಮನೆ. ಎರಡನೆಯ ಮನೆ. ಅತ್ತೆ ಸೆರಗು ಸರಿಮಾಡಿಕೊಂಡಳು. ಮೂರನೆಯದಾಗಿ ಬೆಲ್ಲದಮನೆ ಎಂದರು.

"ಮರ್ತೌನೆ," ಎಂದಳು ಅತ್ತೆ, "ಕಡೇಗೆ ಕೂಗ್ತಾನೆ ಬುಡು."

ಪಟ್ಟಿ ಬೆಳೆಯಿತು. ಕೊನೆಗೆ ಎಂದೂ ಕೇಳದ ಮನೆಗಳು ಬಂದವು. ಕಂದಸಾಮಿ ಮನೆ. ಯಾರೂ ಏಳಲಿಲ್ಲ. ಪಳನಿಯಪ್ಪ ಮನೆ. ಜನ ಮುಖ ಮುಖ ನೋಡಿಕೊಂಡರು. ಮುನುಸಾಮಿ ಮನೆ.

"ಯಾವನ್ಲಾ ಅವ್ನು ಮುನುಸಾಮಿ?" ಎಂದಳು ಅತ್ತೆ.

"ನಮ್ಮಪ್ಪ," ಎಂದೆ, ಕುರ್ಚಿಯೊಳಗೆ ಕುಗ್ಗಿ. ಮಿಕ್ಕದ್ದನ್ನೂ ಹೇಳಿದೆ. ಬಸ್ಸು, ಫಾರಂ, ಪ್ರಿಯಾ ಎಲ್ಲ.

ಅತ್ತೆ ಬೈಯಲಿಲ್ಲ. ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತಳು. ಅಷ್ಟು ಹೊತ್ತಿಗೆ ಪಟ್ಟಿ ಮುಗಿದು ಹಿರಿಯರು ತಟ್ಟೆ ಎತ್ತುತ್ತಿದ್ದರು.

"ತಟ್ಟೆ ಇಳ್ಸಪ್ಪಾ," ಎಂದಳು ಅತ್ತೆ. "ಗಂಜಿಮನೆ ಕೂಗು."

"ಪಾಟೀ, ಲಿಸ್ಟಲ್ಲಿ ಇಲ್ವಲ್ಲ," ಎಂದರು ಅವರು, ತಮಿಳಿನಲ್ಲಿ ಅಜ್ಜಿ ಎಂದು ಕರೆದು, ಮರ್ಯಾದೆಯಿಂದಲೇ.

"ಲಿಸ್ಟಲ್ಲಿ ಇಲ್ದೋದ್ರೆ ನಾನಿಲ್ವಾ? ಇಲ್ಲೇ ನಿಂತಿಲ್ವಾ?" ಅವಳ ದನಿ ಮಗ್ಗದ ಸದ್ದಿನ ಮೇಲೆ ಮಾತಾಡಿ ಪಳಗಿದ ದನಿ, ಮೈಕು ಬೇಕಿಲ್ಲ. "ಮದ್ವೆ ಆಗಿದ್ರೆ ನಂಗೂ ಬೇರೆ ಮನೆ ಎಸ್ರು ಬರ್ತಿತ್ತು. ಆಗ್ಲಿಲ್ಲ. ಮನೆ ಇಲ್ಲ, ಮಕ್ಳಿಲ್ಲ ಅಂತ ನಾನೇನೂ ಅಳ್ತಿಲ್ಲಪ್ಪಾ. ನಂದು ಅಂತ ಇರಾದು ಆ ಎಸ್ರೊಂದೇ. ಅದ್ನ ಕೂಗು. ಕೂಗುದ್ಮೇಲೆ ತಾಳಿ ಕಟ್ಲಿ."

ನಾದಸ್ವರದವರು ಊದುವುದನ್ನು ನಿಲ್ಲಿಸಿದರು. ಹಸೆಯ ಮೇಲಿದ್ದ ಮದುಮಗಳು ತಲೆಯೆತ್ತಿ, "ಕೂಗಿ ಮಾಮಾ," ಎಂದಳು.

ಹಿರಿಯರು ಫೋನನ್ನು ಜೇಬಿಗೆ ಹಾಕಿ ಗಂಟಲು ಸರಿಮಾಡಿಕೊಂಡು ಕೂಗಿದರು. "ಗಂಜಿಮನೆಯೋರೂ..."

ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ ತಾನೇ ಹೊರಟಳು. ಹೆಂಗಸು ಹೋಗುವ ರೂಢಿ ಇಲ್ಲ ಎಂದು ಯಾರೂ ಉಸಿರೆತ್ತಲಿಲ್ಲ. ನಾನು ಅವಳ ಹಿಂದೆ ಎದ್ದೆ. ಆಗ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಸರಿಯಿತು. ಪಾಪಿರೆಡ್ಡಿಪಟ್ಟಿಯಿಂದ ಬಂದ ಒಬ್ಬ ರೈತ, ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು, "ನಾವೂ ಗಂಜಿಮನೆಯೋರೇ ಅಕ್ಕಾ. ನಾನೂ ನಮ್ಮಪ್ಪನ ಎಸ್ರು ಬರ್ದ್‌ಬುಟ್ಟಿದ್ದೆ, ಕಂದಸಾಮಿ ಅಂತ," ಎಂದ. ಆಚೆ ಬದಿಯಿಂದ ಮೇಷ್ಟರ ಹಾಗೆ ಕಾಣುವ ಒಬ್ಬರು ಎದ್ದರು, ಅವರದು ಪಳನಿಯಪ್ಪನಂತೆ. ಪಾಲಮಲೆಯ ಕೆಳಗಿನ ಊರಿನ ಇಬ್ಬರು ಅಣ್ಣತಮ್ಮಂದಿರು. ಬಾಗಿಲ ಹತ್ತಿರ ಸಾಫ್ಟಿ ಐಸ್‌ಕ್ರೀಮ್ ತಿನ್ನುತ್ತಿದ್ದ ಒಬ್ಬ ಕಾಲೇಜು ಹುಡುಗಿ, "ನಾಂಗಳುಂ ದಾನ್ ಪಾಟೀ," ನಾವೂ ಅವರೇ ಎಂದು ತಮಿಳಿನಲ್ಲಿ ಕೂಗಿಕೊಂಡು, ಐಸ್‌ಕ್ರೀಮ್ ಯಾರ ಕೈಗೋ ಕೊಟ್ಟು ಓಡಿ ಬಂದಳು. ಅತ್ತೆ ಮತ್ತು ನಾನು ಇಬ್ಬರೇ ಎಂದು ನಾನು ತಿಳಿದಿದ್ದ ಮನೆ ಹಸೆಯ ಮುಂದೆ ಗುಂಪಾಗಿ ನಿಂತಿತು.

ಅತ್ತೆ ಎರಡೂ ಕೈಯಲ್ಲಿ ವೀಳ್ಯ ತೆಗೆದುಕೊಂಡಳು. ತಿರುಗಿ ಎಲ್ಲರನ್ನೂ ನೋಡಿದಳು. ಮೊದಲ ಎಲೆ ರೈತನಿಗೆ, ಎರಡನೆಯದು ಮೇಷ್ಟರಿಗೆ, ಅಣ್ಣತಮ್ಮಂದಿರಿಗೆ ಒಂದೊಂದು, ಐಸ್‌ಕ್ರೀಮಿನ ಕೈ ಒರೆಸಿಕೊಳ್ಳಲು ಹೇಳಿ ಹುಡುಗಿಗೆ ಒಂದು. ಅವಳ ಕೈ ಬರಿದಾಯಿತು. ನನಗೆ ಸಿಗಲಿಲ್ಲ, ಅವಳಿಗೂ ಉಳಿಯಲಿಲ್ಲ. ಅಷ್ಟರಲ್ಲಿ ಊಟದ ಕೋಣೆಯ ಕಡೆಯಿಂದ ಇನ್ನೂ ಮೂರು ಜನ ಕೈ ತೊಳೆದುಕೊಂಡು ಬರುತ್ತಿದ್ದರು.

ಅತ್ತೆ ಹಿರಿಯರ ಕಡೆ ತಿರುಗಿ, ಇಡೀ ಮಂಟಪಕ್ಕೆ ಕೇಳುವ ಹಾಗೆ ಹೇಳಿದಳು: "ಇನ್ನೊಂದು ಕಟ್ಟು ಎಲೆ ತರ್ಸಪ್ಪಾ. ನಮ್ಮನೆ ಜನ ಜಾಸ್ತಿ ಅವ್ರೆ."